ಎದುರಿನವಳ ಹೆಜ್ಜೆ

ಮಣ್ಣೂರಿನ ಅಂಬುಬಾಯಿಗೆ ಜನರ ಕೊರತೆಯೇನೂ ಇರಲಿಲ್ಲ. ಊರಿನ ಹಿಟ್ಟಿನ ಗಿರಣಿ ಅವಳದೇ. ಜೋಳ ತರುವವರು, ಸಜ್ಜೆ ತರುವವರು, ಹಬ್ಬ ಬಂತೆಂದರೆ ಕಡಲೆಬೇಳೆ ತರುವವರು, ಸರದಿಗಾಗಿ ಜಗಳವಾಡುವವರು, ಎಲ್ಲರೂ ಅವಳ ಬಾಗಿಲಿಗೇ ಬರಬೇಕು. ಆದರೆ ಗಿರಣಿಯ ಸದ್ದಿನಲ್ಲಿ ಯಾರು ಯಾರೊಡನೆ ಮಾತಾಡಿಯಾರು? ವ್ಯವಹಾರವೆಲ್ಲ ಕೈಸನ್ನೆಯಲ್ಲಿ. ಬೆಲ್ಟು ನಿಲ್ಲಿಸಿ, ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಅವಳು ಹಿಂದಿನ ಮನೆಗೆ ಹೋದರೆ ಅಲ್ಲಿ ಸದ್ದೂ ಇರಲಿಲ್ಲ, ಜನರೂ ಇರಲಿಲ್ಲ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ. ಈ ಎರಡನ್ನೂ ಅವಳು ಎಂದೋ ನುಂಗಿಕೊಂಡಿದ್ದಳು. ನುಂಗಲಾಗದೆ ಗಂಟಲಲ್ಲೇ ಉಳಿದದ್ದು ಮೂರನೆಯದು. ಕೋಲಾಟದಲ್ಲಿ ಅವಳಿಗೆ ಈಗ ಜೋಡಿ ಇರಲಿಲ್ಲ.

ಇದೂ ಒಂದು ದುಃಖವೇ ಎಂದು ಮೂಗು ಮುರಿಯುವವರು ಮಣ್ಣೂರಿನ ಹೆಂಗಸರ ಕೋಲಾಟ ನೋಡಿಲ್ಲ, ಅಷ್ಟೆ. ಅಲ್ಲಿ ಎರಡು ಸಾಲು ಎದುರುಬದುರು ನಿಲ್ಲುತ್ತವೆ. ಪ್ರತಿಯೊಬ್ಬಳ ಎದುರಿಗೂ ಅವಳ ಜೋಡಿ. ಕೋಲಿಗೆ ಕೋಲು ಕೂಡಿಸಿ, ದಾಟಿ, ಹೊಳ್ಳಿ ತಿರುಗಿ, ಪಕ್ಕದವರೊಡನೆ ಒಂದೊಂದು ಸುತ್ತು ಆಡುತ್ತ ಸಾಲು ಪೂರ್ತಿ ಅಲೆದು, ಪದ ಮುಗಿಯುವ ಹೊತ್ತಿಗೆ ಮತ್ತೆ ತನ್ನವಳ ಎದುರಿಗೇ ಬಂದು ನಿಲ್ಲಬೇಕು. ಸಾಲಿನೊಳಗೆ ಕುಣಿಯುತ್ತಲೇ 'ಕೂಡು', 'ದಾಟು', 'ಹೊಳ್ಳು' ಎಂದು ಮುಂದಿನ ನಡೆಯನ್ನು ಕೂಗಿ ಹೇಳುವವಳಿಗೆ ಮೇಳದಲ್ಲಿ 'ಹೇಳಾಕಿ' ಎಂದು ಹೆಸರು. ಗಂಡನನ್ನು ಬದಲಾಯಿಸಿದವರು ಊರಲ್ಲಿ ಒಬ್ಬಿಬ್ಬರಿದ್ದಾರೆ, ಕೋಲಾಟದ ಜೋಡಿ ಬದಲಾಯಿಸಿದವರು ಇಲ್ಲ. ಜೋಡಿ ಹೋದವಳು ಹೇಳಾಕಿಯಾಗಿದ್ದರೂ ಸರಿ, ಸಾಲಿನಿಂದ ಹೊರಗೆ ಬಂದು ಕಟ್ಟೆಯ ಮೇಲೆ ತಾಳ ಹಿಡಿದು ಕೂಡಬೇಕು.

ಅಂಬುಬಾಯಿ ಹಾಗೆ ಕೂತು ಎರಡು ವರ್ಷವಾಗಿತ್ತು. ಅವಳ ಜೋಡಿ ಗೌರಾಬಾಯಿ ಎದುರು ಮನೆಯವಳು. ಇಬ್ಬರೂ ಹೊಸದಾಗಿ ಮದುವೆಯಾಗಿ ಒಂದೇ ವರ್ಷ ಆ ಓಣಿಗೆ ಬಂದವರು. ಬಂದ ವರ್ಷವೇ ಎದುರುಬದುರು ಕೋಲು ಹಿಡಿದು ನಿಂತವರು, ತಲೆ ನರೆಯುವ ತನಕ ಹಾಗೆಯೇ ನಿಂತರು. ಒಬ್ಬಳ ಮೊಣಕೈ ಏಳುವ ಮೊದಲೇ ಇನ್ನೊಬ್ಬಳಿಗೆ ಏಟು ಎಲ್ಲಿ ಬೀಳುತ್ತದೆಂದು ತಿಳಿಯುತ್ತಿತ್ತು. ಆಮೇಲೆ ಗೌರಾಬಾಯಿಗೆ ಜೇವರ್ಗಿಯ ಬಾಲಕಿಯರ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಸಿಕ್ಕಿತು. ಟ್ರಂಕು ಹೊತ್ತು ಬಸ್ ಹತ್ತುವಾಗ, "ಹುಣ್ಣಿಮಿಗೊಮ್ಮಿ ಬರ್ತೇನಿ ಬೇ," ಎಂದಿದ್ದಳು. ಕೆಲವು ಹುಣ್ಣಿಮೆಗೆ ಬಂದಳು. ಆಮೇಲೆ ಬರುವ ಬದಲು ಫೋನು ಬಂತು. ಆಮೇಲೆ ಅದೂ ಅಪರೂಪವಾಯಿತು. ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ಅಂಬುಬಾಯಿಗೆ ಬೈಯಲಾದರೂ ಏನೋ ಒಂದು ಇರುತ್ತಿತ್ತು.

ಸಾಲಿನೊಳಗೆ ವಾಪಸ್ಸು ಬರಲು ಒಂದು ದಾರಿ ಮಾತ್ರ ಇತ್ತು. ಹೊಸ ಆಟ ಕಟ್ಟಿ ತಂದವಳನ್ನು ಹೊರಗೆ ಕೂಡಿಸುವಂತಿಲ್ಲ. ಅವಳಿಗೆ ಜೋಡಿ ಇಲ್ಲದಿದ್ದರೆ ಮೇಳವೇ ಯಾರನ್ನಾದರೂ ತಂದು ಎದುರಿಗೆ ನಿಲ್ಲಿಸಬೇಕು. ಆದರೆ ಆಟವನ್ನು ಮೊದಲು ಬೇರೆ ಮೂರು ಊರಿನ ಹೇಳುವವರ ಮುಂದೆ ಆಡಿ ತೋರಿಸಿ ಮೂವರಿಂದಲೂ 'ಹೌದು' ಎನಿಸಿಕೊಂಡು ಬರಬೇಕು. ಯಾರ ಕಾಲದ ನೇಮವೋ ಯಾರಿಗೂ ಗೊತ್ತಿಲ್ಲ. ಹೊಸ ಆಟ ಕಟ್ಟುವ ಉಸಾಬರಿಗೆ ಯಾರೂ ಹೋಗದ್ದರಿಂದ ನೇಮ ಮುರಿಯದೆ ಉಳಿದಿತ್ತು.

ಅಂಬುಬಾಯಿಗೆ ಆಟ ಹೊಳೆದದ್ದು ಗಿರಣಿಯಲ್ಲೇ. ಬೆಲ್ಟು ಹಳೆಯದು, ನಡುವೆ ಹೊಲಿಗೆ ಹಾಕಿದ್ದು. ಆ ಹೊಲಿಗೆ ಗಾಲಿಯ ಮೇಲೆ ಬಂದಾಗಲೆಲ್ಲ ಟಪ್ಪೆಂದು ಒಂದು ಏಟು ಕೇಳುತ್ತದೆ. ಕಾಳು ಕಡಿಮೆಯಾದಾಗ ಬೇಗ, ತುಂಬಿದಾಗ ನಿಧಾನ. ಒಂದು ದಿನ ಆ ಏಟಿಗೆ ಅವಳ ಕಾಲು ತಾನಾಗಿಯೇ ಬಿತ್ತು. ಸಂಜೆ ಮನೆಗೆ ಬಂದವಳೇ ಗೂಟಕ್ಕೆ ತೂಗುಹಾಕಿದ್ದ ಜಾಲಿಯ ಕೋಲುಗಳನ್ನು ತೆಗೆದು, ಪಡಸಾಲೆಯ ನಡುಗಂಬದ ಎದುರು ನಿಂತು ಆಡಿ ನೋಡಿದಳು. ಮೂರು ಹೆಜ್ಜೆ ಮುಂದೆ, ಸೊಂಟದ ಮಟ್ಟಕ್ಕೆ ಒಂದು ಏಟು, ಬಲಕ್ಕೆ ಸುತ್ತು, ತಲೆಯ ಮೇಲೆ ಒಂದು ಏಟು, ದಾಟಿ ಹೋಗಿ ಬೆನ್ನ ಹಿಂದಿನಿಂದ ಒಂದು. ಕಂಬ ಒಳ್ಳೆಯ ಸಾಗುವಾನಿಯದು, ಸದ್ದು ಗಟ್ಟಿಯಾಗಿ ಬಂತು. ಅಂದಿನಿಂದ ಸಂಜೆಯೆಂದರೆ ಅವಳಿಗೆ ಒಂದು ಕೆಲಸವಾಯಿತು. ಒಂದು ತಿರುವು ಸರಿಹೋಗದೆ ವಾರಗಟ್ಟಲೆ ಕಾಡಿತು, ಇನ್ನೊಂದು ರೊಟ್ಟಿ ಬಡಿಯುವಾಗ ಫಕ್ಕನೆ ಹೊಳೆಯಿತು. ಕಂಬದ ಮೈಮೇಲೆ ಸೊಂಟದ ಎತ್ತರದಲ್ಲಿ, ಹೆಗಲಿನ ಎತ್ತರದಲ್ಲಿ, ತಲೆಯ ಮೇಲೆ ಗುರುತುಗಳು ಬಿದ್ದವು. ಅವಳು ನಿಲ್ಲುವ ಕಡೆ ಮಣ್ಣಿನ ನೆಲ ತುಳಿದು ತುಳಿದು ತಗ್ಗಾಯಿತು. ಸಾರಿಸುವಾಗ ಆ ತಗ್ಗನ್ನು ಅವಳು ತುಂಬಲಿಲ್ಲ.

ಅಂಬುಬಾಯಿಯ ನಂತರ ಈಗ ಹೇಳಾಕಿಯಾಗಿದ್ದವಳು ಚಂದಮ್ಮ. ಜೋಳ ಬೀಸಲು ಬಂದಾಗ ಅಂಬುಬಾಯಿ ಗಿರಣಿ ನಿಲ್ಲಿಸಿ ಹೇಳಿದಳು.

"ಹೊಸಾ ಆಟ ಒಂದು ಕಟ್ಟೀನಿ, ಚಂದಮ್ಮಾ."

"ಖರೇನಾ? ಯಾರ ಜೋಡಿ ಕಟ್ಟಿದಿ?"

"ಒಬ್ಬಾಕೀನೇ ಕಟ್ಟೀನಿ."

ಚಂದಮ್ಮ ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕುತ್ತ ಒಂದು ಕ್ಷಣ ಅವಳನ್ನೇ ನೋಡಿದಳು. "ಸೀಗಿ ಹುಣ್ಣಿಮಿ ಆಟಕ್ಕ ಇನ್ನಾ ಟೈಮ್ ಅದ. ಮೂರೂರ ಹೌದು ತಗೊಂಡು ಬಾ. ನಿನ್ನ ಎದುರಿಗಿ ನಿಂದ್ರಾಕ ಒಬ್ಬಾಕೀನ ನಾ ಹುಡಕಿ ಇಡ್ತೇನಿ," ಎಂದಳು. ಆ ರಾತ್ರಿ ಅಂಬುಬಾಯಿ ಕೋಲುಗಳಿಗೆ ಎಣ್ಣೆ ಸವರಿ ಮಲಗಿದಳು.

ಮೊದಲು ಹೋದದ್ದು ಆಳಂದ ಕಡೆಯ ಖಜೂರಿಗೆ, ಶಾಂತಲಿಂಗಪ್ಪನವರ ಬಳಿಗೆ. ಗಡಿಯ ಊರು, ಮಾತಿನಲ್ಲಿ ಅರ್ಧ ಮರಾಠಿ. ಅಲ್ಲಿಯ ಗಂಡಸರ ಕೋಲಾಟಕ್ಕೆ ಹೇಳುವವರು ಅವರೇ, ತೊಗರಿ ಖರೀದಿಯೂ ಅವರದೇ. ಆಧಾರ್ ಕಾರ್ಡು ತೋರಿಸಿ ಮೂರು ಬಸ್ ಬದಲಿಸಿ ಅಂಬುಬಾಯಿ ಅವರ ಮನೆ ಮುಟ್ಟಿದಾಗ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಶಾಂತಲಿಂಗಪ್ಪನವರು ಒಂದು ಕಿವಿಗೆ ಫೋನು ಹಚ್ಚಿಕೊಂಡೇ, "ಬರ್ರಿ ಅಕ್ಕಾವ್ರ, ಬರ್ರಿ," ಎಂದು ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರು. ಚಹಾ ಬಂತು. ಅಂಬುಬಾಯಿ ಸೆರಗು ಸಿಕ್ಕಿಸಿ ಎದ್ದು, ಯೋಚನೆಯನ್ನೇ ಮಾಡದೆ ಅವರ ಕಟ್ಟೆಯ ಕಂಬವೊಂದರ ಎದುರು ಹೋಗಿ ನಿಂತಳು. ಆಟ ಸೊಗಸಾಗಿ ಬಂತು. ನಡುವೆ ಲಾರಿ ಡ್ರೈವರೊಬ್ಬ ಚೀಟಿ ಕೇಳಲು ಬಂದ, ಶಾಂತಲಿಂಗಪ್ಪನವರು ಚೀಟಿ ಬರೆದುಕೊಟ್ಟರು. ಇನ್ನೊಮ್ಮೆ ಫೋನು ಬಂತು, ಅದನ್ನೂ ಮುಗಿಸಿದರು.

"ಭಾಳ ಛಾನ್ ಆಗ್ಯಾದ್ರಿ," ಎಂದರು ಕೊನೆಗೆ.

"ತಪ್ಪೇನರ ಇದ್ರ ಹೇಳ್ರಿ. ಅದಕ್ಕಂತೇ ಬಂದೀನಿ."

"ನಿಮ್ಮ ಹೆಜ್ಜಿಗಿ ತಪ್ಪ ಹೇಳೋದಾ? ಕಣ್ಣ ಮುಚ್ಚಿ ಹೌದು ಅನ್ನಬಹುದು."

ಅವರು ಹೆಚ್ಚು ಕಡಿಮೆ ಹಾಗೆಯೇ ಮಾಡಿದ್ದರು. ಅಂಬುಬಾಯಿಗೆ ಅದು ತಿಳಿಯಲಿಲ್ಲವೆಂದಲ್ಲ. ಚಹಾದ ಜೊತೆ ಕೊಟ್ಟ ಹೌದಿಗೆ ಚಹಾದಷ್ಟೇ ಬೆಲೆ. ಆದರೂ ಹೌದು ಹೌದೇ. ಹಿಂದಿರುಗುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಮಡಿಲಲ್ಲಿ ಕೋಲು ಇಟ್ಟುಕೊಂಡು, ಬಹಳ ದಿನಗಳ ಮೇಲೆ ತನ್ನಷ್ಟಕ್ಕೆ ನಕ್ಕಳು.

ಎರಡನೆಯವನು ಅಫಜಲಪುರದ ರಸ್ತೆಯ ಚೌಡಾಪುರದಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಯಾಸೀನ. ಮೊಹರಮ್ಮಿನಲ್ಲಿ ಹೆಜ್ಜೆ ಹಾಕಿಸುವವನು, ಕೋಲಾಟಕ್ಕೂ ಹೇಳುವವನಾಗಿ ಜನ ಕರೆಯುತ್ತಿದ್ದರು. ಹೆಜ್ಜೆಯ ವಿಷಯದಲ್ಲಿ ಯಾರ ಮುಲಾಜನ್ನೂ ನೋಡುವವನಲ್ಲ. ಅಂಬುಬಾಯಿ ಬಂದ ಕಾರಣ ಕೇಳಿದ್ದೇ ಅಂಗಡಿಯ ಕೆಲಸ ಬದಿಗಿಟ್ಟು ಕೈ ತೊಳೆದುಕೊಂಡು, ಅವಳನ್ನು ಹಿಂದಿನ ಬಯಲಿಗೆ ಕರೆದೊಯ್ದ. ಸವೆದ ಟೈರುಗಳ ರಾಶಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅಂಬುಬಾಯಿ ಸುತ್ತ ಒಮ್ಮೆ ಕಣ್ಣಾಡಿಸಿದಳು. ಏನು ಹುಡುಕುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಆಮೇಲೆ ಆಡಲು ಸುರು ಮಾಡಿದಳು. ಮೂರು ಹೆಜ್ಜೆ ಮುಂದೆ ಹೋಗಿ ಬೀಸಿದ ಕೋಲು ಗಾಳಿಯಲ್ಲಿ ಹಾಯ್ದುಹೋಯಿತು.

ಯಾಸೀನ ಕುಕ್ಕರಗಾಲಲ್ಲಿ ಕೂತು ಕೊನೆಯ ತನಕ ನೋಡಿದ. "ಮತ್ತೊಮ್ಮಿ ಆಡ್ರಿ ಅಕ್ಕಾ," ಎಂದ. ಮತ್ತೊಮ್ಮೆ ಆಡಿದಳು.

"ಎದುರಿನಾಕಿ ಏನ್ ಮಾಡ್ತಾಳ್ರಿ?"

"ಎದುರಿನಾಕಿ ಕೋಲು ಕೊಡ್ತಾಳ."

"ಅದು ಆಯ್ತು. ಕಾಲು?"

ಅಂಬುಬಾಯಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾಸೀನ ಎದ್ದು ಟೈರು ಬಿಚ್ಚುವ ಎರಡು ಕಬ್ಬಿಣದ ಪಟ್ಟಿಗಳನ್ನು ತಂದು ಅವಳ ಎದುರಿಗೆ ನಿಂತ. "ಬರ್ರಿ ಈಗ," ಎಂದ. ಅವಳು ಬಂದಳು, ಸೊಂಟದ ಮಟ್ಟಕ್ಕೆ ಹೊಡೆದಳು, ಅವನು ಪಟ್ಟಿ ಒಡ್ಡಿದ. ಅವಳು ಸುತ್ತು ಹಾಕಿದಳು. ಅವನು ನಿಂತೇ ಇದ್ದ. ಅವಳು ದಾಟಿ ಹೋಗಿ ಬೆನ್ನ ಹಿಂದಿನಿಂದ ಹೊಡೆಯಲು ಹೊರಟಾಗ ಅವನು ಕತ್ತು ತಿರುಗಿಸಿ ಅವಳನ್ನು ಹುಡುಕಬೇಕಾಯಿತು.

"ನೋಡ್ರಿ," ಎಂದ ಯಾಸೀನ ಪಟ್ಟಿ ಕೆಳಗಿಟ್ಟು. "ನೀವ್ ಬಂದ್ರಿ, ಹೊಡದ್ರಿ, ಸುತ್ತು ಹಾಕಿದ್ರಿ, ದಾಟಿದ್ರಿ. ನಾ ಎಲ್ಲಿ ಹೋಗ್ಲಿ? ನನಗ ಹೆಜ್ಜೀನೇ ಇಲ್ಲ. ಕಂಬ ನಿಂತಂಗ ನಿಂತೇನಿ."

ಅವನಿಗೆ ಮಣ್ಣೂರಿನ ಪಡಸಾಲೆ ಗೊತ್ತಿರಲಿಲ್ಲ. ಬಾಯಿಗೆ ಬಂದ ಮಾತನ್ನು ಹೇಳಿದ್ದ, ಅಷ್ಟೆ. ಆದರೆ ಅಂಬುಬಾಯಿಗೆ, ಕತ್ತಲಾಗುವ ಹೊತ್ತಿಗೆ ತಾನು ಕಂಬದೆದುರು ನಿಂತು, ನಕ್ಕು, ಕಣ್ಣು ಹೊರಳಿಸಿ, ಕೋಲು ಬೀಸುತ್ತಿದ್ದುದನ್ನೆಲ್ಲ ಈತ ಬಾಗಿಲ ಸಂದಿಯಿಂದ ನೋಡಿಬಿಟ್ಟಿದ್ದಾನೆ ಎನಿಸಿತು. ಅವಳು ಟೈರೊಂದರ ಮೇಲೆ ಕೂತುಬಿಟ್ಟಳು.

ಯಾಸೀನ ಗಾಬರಿಯಾಗಿ ನೀರು ತಂದುಕೊಟ್ಟ. "ನಿಮ್ಮ ಹೆಜ್ಜಿ ಕಮ್ಮಿ ಅಂತ ಅಲ್ರಿ ಅಕ್ಕಾ. ನಿಮ್ಮ ಪಾಲಿಂದು ಮಸ್ತ್ ಅದ. ಆ ಕಡೀದು ಕಟ್ಟೇ ಇಲ್ಲ ನೀವು. ಅದನ್ನ ಕಟ್ಟಿ ತರ್ರಿ, ಹೌದು ಅಂತೇನಿ." ಅವಳು ನೀರು ಕುಡಿದ ಮೇಲೆ, "ಗೌರಾಬಾಯಿ ಇದ್ರ ಹಿಂಗ ಆಗ್ತಿದ್ದಿಲ್ಲ. ಗಾಣಗಾಪುರದಾಗ ನಿಮ್ಮಿಬ್ಬರ ಆಟ ನೋಡೀನಿ ನಾ," ಎಂದ.

ಊರಿಗೆ ಬಂದ ಮೇಲೆ ಅಂಬುಬಾಯಿ ಹಟಕ್ಕೆ ಬಿದ್ದಳು. ಎದುರಿನವಳ ಹೆಜ್ಜೆ ತಾನೇ, ಅದೇನು ಮಹಾ? ಸಂಜೆ ಕೋಲು ಹಿಡಿದು ನಿಂತು ಎದುರಿನವಳನ್ನು ನೆನೆಸಿಕೊಳ್ಳುತ್ತಿದ್ದಳು. ನೆನೆಸಿಕೊಂಡರೆ ಬರುವವಳು ಗೌರಾಬಾಯಿಯೇ. ಅವಳ ಹಸಿರು ಬಳೆ, ಎಡಗಾಲು ಸ್ವಲ್ಪ ಹೊರಕ್ಕೆ ಊರುವ ರೀತಿ, ಏಟು ಸರಿಯಾಗಿ ಕೂಡಿದಾಗ ಕೆಳತುಟಿ ಕಚ್ಚುವುದು, ಎಲ್ಲ ಕಣ್ಣಿಗೆ ಕಟ್ಟಿದಂತೆ ಬರುತ್ತಿತ್ತು. ಆದರೆ ಹೊಸ ಆಟದಲ್ಲಿ ಅವಳು ಎತ್ತ ಹೆಜ್ಜೆ ಇಡುತ್ತಾಳೆಂದು ಕೇಳಿದರೆ ಅವಳು ನಿಂತೇ ಇರುತ್ತಿದ್ದಳು. ಇಷ್ಟು ವರ್ಷ ಅಂಬುಬಾಯಿ 'ಕೂಡು, ದಾಟು, ಹೊಳ್ಳು' ಎಂದು ಎಲ್ಲರಿಗೂ ಹೇಳಿದ್ದಳು, ಗೌರಾಬಾಯಿಗೆ ಮಾತ್ರ ಎಂದೂ ಹೇಳಬೇಕಾಗಿರಲಿಲ್ಲ. ಹೇಳದೆಯೇ ಅವಳು ಅಲ್ಲಿರುತ್ತಿದ್ದಳು. ಹೀಗಾಗಿ ಎದುರಿನವಳ ಹೆಜ್ಜೆ ಕಟ್ಟುವುದು ಹೇಗೆಂದು ಅಂಬುಬಾಯಿ ಕಲಿತೇ ಇರಲಿಲ್ಲ.

ಹೇಗಿದ್ದರೂ ಮೂರನೆಯ ಹೌದಿಗೆ ಜೇವರ್ಗಿಗೇ ಹೋಗುವುದೆಂದು ಅವಳು ಮೊದಲಿನಿಂದ ಇಟ್ಟುಕೊಂಡಿದ್ದಳು. ಗೌರಾಬಾಯಿ ಅಲ್ಲಿ ಹಾಸ್ಟೆಲಿನ ಕೆಲಸದವರನ್ನೂ ಓಣಿಯ ಹೆಂಗಸರನ್ನೂ ಕೂಡಿಸಿ ಮೇಳ ಕಟ್ಟಿದ್ದಾಳೆ, ತಾನೇ ಹೇಳಾಕಿಯಾಗಿದ್ದಾಳೆ ಎಂಬ ಸುದ್ದಿ ಬಂದಿತ್ತು. ಹೇಳಾಕಿ ಸಾಲಿನೊಳಗೆ ನಿಲ್ಲಬೇಕು, ಸಾಲಿನೊಳಗೆ ನಿಂತವಳ ಎದುರಿಗೆ ಯಾರಾದರೂ ಇರಲೇಬೇಕು. ಇಷ್ಟು ಸಣ್ಣ ಲೆಕ್ಕವನ್ನು ಅಂಬುಬಾಯಿ ಹಾಕಿರಲಿಲ್ಲ. ಹಾಕುವ ಮನಸ್ಸಿರಲಿಲ್ಲ ಎಂದರೂ ಸರಿಯೇ.

ಕಲಬುರಗಿಯಲ್ಲಿ ಬಸ್ ಬದಲಿಸಿ ಅವಳು ಜೇವರ್ಗಿಗೆ ಹೋದಾಗ ಹುಡುಗಿಯರ ಊಟ ಮುಗಿದು ಹಾಸ್ಟೆಲಿನ ಹಿತ್ತಲಲ್ಲಿ ದೊಡ್ಡ ಪಾತ್ರೆಗಳು ಬೋರಲಾಗಿ ಒಣಗುತ್ತಿದ್ದವು. ಗೌರಾಬಾಯಿ ಸ್ವಲ್ಪ ದಪ್ಪವಾಗಿದ್ದಳು. ಮುಖದಲ್ಲಿ ಕಳೆ ಇತ್ತು.

"ಯಾಕ ಬೇ ಅಂಬೂ, ಇಷ್ಟು ಸೊರಗಿದಿ?" ಎಂದು ಬಂದವಳೇ ಅವಳ ಎರಡೂ ಕೈ ಹಿಡಿದುಕೊಂಡಳು. "ಫೋನರ ಹಚ್ಚಬಾರದೇನು ಬರೂಮುಂದ? ಮೊದಲ ಉಣ್ಣು."

ಅನ್ನ, ಸಾರು, ಮೇಲೆ ಶೇಂಗಾ ಚಟ್ನಿ ಬಂತು. ಬಡಿಸಿದವಳು ಮೂವತ್ತರ ಆಸುಪಾಸಿನ ಚುರುಕಾದ ಹೆಂಗಸು.

"ಇಕಿ ಭಾಗ್ಯಜ್ಯೋತಿ. ನನ್ನ ಸಂಗಾಟ ಅಡಗಿ ಮಾಡ್ತಾಳ," ಎಂದಳು ಗೌರಾಬಾಯಿ. "ಕೋಲಾಟದಾಗ ನನ್ನ ಜೋಡಿ."

ಸಾರಿಗೆ ಉಪ್ಪು ಹಾಕಿದ್ದೇನೆ ಎನ್ನುವಷ್ಟು ಸಲೀಸಾಗಿ ಹೇಳಿದ್ದಳು. ಹೊಟ್ಟೆಕಿಚ್ಚು ಎಂಬುದು ಇಂಥ ವಯಸ್ಸಿನಲ್ಲಿ, ಇಂಥ ವಿಷಯಕ್ಕೆ, ಇಷ್ಟು ಹಸಿಯಾಗಿ ಬರುತ್ತದೆಂದು ಅಂಬುಬಾಯಿಗೆ ಗೊತ್ತಿರಲಿಲ್ಲ. ಭಾಗ್ಯಜ್ಯೋತಿ ಇನ್ನಷ್ಟು ಅನ್ನ ತರಲು ಒಳಗೆ ಹೋದಾಗ ಅವಳು ತಲೆ ಎತ್ತದೆ ಕೇಳಿದಳು.

"ಜೋಡಿ ಮಾಡ್ಕೊಂಡಿಯೇನು?"

"ಜೋಡಿ ಇಲ್ದ ಕುಂದ್ರಾಕ ಆಗ್ಲಿಲ್ಲ ಬೇ. ಕೈ ಕಾಲು ತಡೀಲಿಲ್ಲ."

"ನಾ ಕುಂತೀನಲ್ಲ."

"ನಿನಗ ಕುಂದ್ರು ಅಂತ ನಾ ಅಂದೇನೇನು?" ಎಂದಳು ಗೌರಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜ, ಅವಳು ಅಂದಿರಲಿಲ್ಲ. ಮಣ್ಣೂರಿನ ನೇಮ ಮಣ್ಣೂರಿನಲ್ಲೇ ಉಳಿದಿತ್ತು. ಜೇವರ್ಗಿಗೆ ಟ್ರಂಕು ಮಾತ್ರ ಹೋಗಿತ್ತು.

ಊಟವಾದ ಮೇಲೆ ಅಂಬುಬಾಯಿ ಬಂದ ಕೆಲಸ ಹೇಳಿದಳು. ಯಾಸೀನ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಹಿತ್ತಲ ಬೇವಿನ ಮರದ ಕೆಳಗೆ ಜಾಗ ಗುಡಿಸಿ, ಅವಳು ತನ್ನ ಪಾಲಿನ ಆಟವನ್ನು ಒಬ್ಬಳೇ ಆಡಿ ತೋರಿಸಿದಳು. ಗೌರಾಬಾಯಿ ಗೋಡೆಗೆ ಒರಗಿ ನೋಡುತ್ತಿದ್ದಳು. ಎರಡನೆಯ ಸಲ ಆಡುವಾಗ ಅವಳ ಹೆಬ್ಬೆರಳು ನೆಲದ ಮೇಲೆ ಅಲ್ಲಾಡುತ್ತಿತ್ತು. ಮೂರನೆಯ ಸಲಕ್ಕೆ ಒಳಗಿನಿಂದ ತನ್ನ ಕೋಲು ತಂದು ಎದುರಿಗೆ ನಿಂತಳು.

ಅಂಬುಬಾಯಿ ಮೂರು ಹೆಜ್ಜೆ ಮುಂದೆ ಬಂದಳು. ಗೌರಾಬಾಯಿ ಒಂದು ಹೆಜ್ಜೆ ಹಿಂದೆ ಸರಿದು, ಎರಡು ಮುಂದೆ ಬಂದಳು. ಕೋಲು ಕೂಡಿತು. ಅಂಬುಬಾಯಿ ಬಲಕ್ಕೆ ಸುತ್ತುವಾಗ ಅವಳು ಎಡಕ್ಕೆ ಸುತ್ತಿದಳು, ಇಬ್ಬರ ಬೆನ್ನುಗಳು ಒಂದು ಕ್ಷಣ ಮುಟ್ಟಿ ಬಿಟ್ಟವು. ಅಂಬುಬಾಯಿ ತಿಂಗಳುಗಟ್ಟಲೆ ಕಾದಿದ್ದ ಹೆಜ್ಜೆ ಅದು. ಇಷ್ಟು ಸುಲಭವಿತ್ತು. ತಲೆಯ ಮೇಲಿನ ಏಟಿಗೆ ಗೌರಾಬಾಯಿ ಆಟ ನಿಲ್ಲಿಸಿದಳು.

"ಈ ಏಟು ಇಷ್ಟು ಮ್ಯಾಲ ಯಾಕ? ಅಲ್ಲಿತನ ನನ್ನ ಕೈ ಮುಟ್ಟಂಗಿಲ್ಲ. ನಿನಗ ಗೊತ್ತಿಲ್ಲೇನು?"

ಅಂಬುಬಾಯಿ ಕೋಲಿನ ತುದಿ ನೋಡುತ್ತ ನಿಂತಳು. "ಕಂಬಕ್ಕ ಹೊಡದು ಕಟ್ಟೀನಿ," ಎಂದಳು.

"ಯಾ ಕಂಬ?"

"ಪಡಸಾಲಿ ಕಂಬ."

ಗೌರಾಬಾಯಿ ಕೋಲು ಕೆಳಗಿಳಿಸಿದಳು. ಆ ಪಡಸಾಲೆಯಲ್ಲಿ ಅವಳು ಎಷ್ಟೋ ಮಧ್ಯಾಹ್ನ ಆ ಕಂಬಕ್ಕೇ ಒರಗಿ ಕೂತು ಅವರೆಕಾಯಿ ಸುಲಿದಿದ್ದಳು. "ಫೋನ್ ಹಚ್ಚಬೇಕಿತ್ತು ಬೇ," ಎಂದಳು.

"ಹಚ್ಚಿ ಏನಂತ ಹೇಳ್ಲಿ?"

ಇಬ್ಬರೂ ಮತ್ತೆ ಕೋಲು ಎತ್ತಿದರು. ಏಟನ್ನು ಕೆಳಗಿಳಿಸಿದರು, ಅದು ಕೂಡಿತು. ಇನ್ನು ದಾಟುವುದು. ಗೌರಾಬಾಯಿ ಸದಾ ಅವಳ ಬಲಹೆಗಲಿನ ಕಡೆಯಿಂದ ದಾಟುವವಳು. ಅಂಬುಬಾಯಿ ಕಣ್ಣು ಮುಚ್ಚಿಕೊಂಡೇ ಹೆಜ್ಜೆ ಇಟ್ಟಳು. ಗೌರಾಬಾಯಿ ಎಡಗಡೆಯಿಂದ ಬಂದಳು. ಕೋಲು ಕೋಲಿಗೆ ಬೀಳದೆ ಅಂಬುಬಾಯಿಯ ಬೆರಳಿನ ಗೆಣ್ಣಿಗೆ ಬಿತ್ತು.

"ಅಯ್ಯ ನಮ್ಮವ್ವ. ಕೈ ತಪ್ಪಿತು ನೋಡು," ಎಂದು ಗೌರಾಬಾಯಿ ಅವಳ ಬೆರಳು ಹಿಡಿದು ಊದಿದಳು.

ಕೈ ತಪ್ಪಿರಲಿಲ್ಲ. ಕೈ ತನಗೆ ರೂಢಿಯಾದ ಕಡೆಗೇ ಹೋಗಿತ್ತು. ಭಾಗ್ಯಜ್ಯೋತಿ ಎಡಗೈಯವಳು. ಊಟ ಬಡಿಸುವಾಗಲೇ ಅಂಬುಬಾಯಿ ಅದನ್ನು ನೋಡಿದ್ದಳು. ಮತ್ತೆ ಆಡಿದರು, ಮತ್ತೆ ಅಲ್ಲೇ ತಪ್ಪಿತು. ಮೂರನೆಯ ಸಲ ಗೌರಾಬಾಯಿ ನೆನಪಿಟ್ಟುಕೊಂಡು ಬಲಗಡೆಯಿಂದ ದಾಟಿದಳು. ಆದರೆ ನೆನಪಿಟ್ಟುಕೊಂಡು ದಾಟಿದ್ದು ಕಾಣುತ್ತಿತ್ತು.

"ನೀ ಹೊರಗ ನಿಂತು ಹೇಳು," ಎಂದಳು ಕೊನೆಗೆ ಗೌರಾಬಾಯಿ, ಮೆಲ್ಲಗೆ. "ಭಾಗ್ಯಾನ ನಿಂದ್ರಸ್ತೇನಿ. ಆಟ ಹ್ಯಾಂಗ ಕಾಣ್ತದ ನೀನರ ನೋಡಬೇಕಲ್ಲ."

ಅದು ನ್ಯಾಯವಾದ ಮಾತು. ಅಂಬುಬಾಯಿ ಬೇವಿನ ಮರದ ಬುಡಕ್ಕೆ ಸರಿದಳು. ಭಾಗ್ಯಜ್ಯೋತಿ ಕೈ ಒರೆಸಿಕೊಂಡು ಬಂದು ಅವಳ ಜಾಗದಲ್ಲಿ ನಿಂತಳು. ಒಂದೆರಡು ಸಲ ಎಡವಿದಳು, ಆಮೇಲೆ ಹಿಡಿದುಕೊಂಡಳು. ದಾಟುವ ನಡೆಯನ್ನು ತಮ್ಮ ರೂಢಿಯಂತೆ ಎಡಕ್ಕೆ ಮಾಡಿಕೊಂಡರು. "ಕೂಡು," ಎಂದು ಅಂಬುಬಾಯಿ ಕೂಗಿದಳು. "ಹೊಳ್ಳು. ದಾಟು." ಎರಡು ವರ್ಷಗಳ ಮೇಲೆ ಅವಳ ದನಿಗೆ ನಾಲ್ಕು ಕಾಲುಗಳು ಒಮ್ಮೆಲೇ ಎದ್ದವು. ಕೋಲುಗಳು ಕೂಡುವ ಸದ್ದು ಕಂಬದ ಸದ್ದಿನಂತಿರಲಿಲ್ಲ. ಒಂದೊಂದು ಏಟಿಗೂ ಎರಡು ಕಡೆಯ ಬಲವಿತ್ತು. ಕೊನೆಯ ಏಟು ಸರಿಯಾಗಿ ಕೂಡಿದಾಗ ಗೌರಾಬಾಯಿ ಕೆಳತುಟಿ ಕಚ್ಚಿದಳು. ತನ್ನ ಆಟ ಚೆಂದವಿದೆ ಎಂದು ಅಂಬುಬಾಯಿಗೆ ಆಗ ಖಾತ್ರಿಯಾಯಿತು. ಕೆಟ್ಟದಾಗಿದ್ದರೆ ಹೊರಗೆ ನಿಂತು ನೋಡಲು ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

"ಹೌದು ಅಂತ ಹೇಳು ಚಂದಮ್ಮಗ," ಎಂದಳು ಗೌರಾಬಾಯಿ ಏದುಸಿರು ಬಿಡುತ್ತ. "ಖರೇನೇ ಹೇಳ್ತೇನಿ, ಇಂಥಾ ಆಟ ನಾ ನೋಡಿಲ್ಲ."

"ಸೀಗಿ ಹುಣ್ಣಿಮಿಗಿ ಬಾ."

"ನೋಡ್ತೇನಿ ಬೇ."

ನೋಡ್ತೇನಿ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ರಾತ್ರಿಯ ಅಡುಗೆಗೆ ಬದನೆಕಾಯಿ ಹೆಚ್ಚುವ ಹೊತ್ತಾಗಿತ್ತು. ಗೌರಾಬಾಯಿ ಬಸ್ ಸ್ಟ್ಯಾಂಡಿನ ತನಕ ಬರುತ್ತೇನೆಂದಳು, ಅಂಬುಬಾಯಿ ಬೇಡವೆಂದಳು.

ವಾಪಸ್ಸು ಬರುವಾಗ ಚೌಡಾಪುರದಲ್ಲಿ ಇಳಿದು ಯಾಸೀನನಿಗೆ ಎದುರಿನವಳ ಹೆಜ್ಜೆ ತೋರಿಸಿದಳು. ಬೆನ್ನು ಮುಟ್ಟಿ ಬಿಡುವ ಕಡೆ ಅವನು, "ವಾಹ್," ಎಂದ. ಹೌದನ್ನೂ ಕೊಟ್ಟ. "ಯಾರು ಕಟ್ಟಿದ್ರು ಈ ಕಡೀದು?" ಎಂದು ಕೇಳಿದ. ಗೌರಾಬಾಯಿ ಎಂದಾಗ ತಲೆಯಾಡಿಸಿದ. ಮೂರೂ ಹೌದು ಕೈಗೆ ಬಂದವು.

ಚಂದಮ್ಮ ಮಾತಿಗೆ ತಪ್ಪುವವಳಲ್ಲ. ಸುದ್ದಿ ಕೇಳಿದ್ದೇ ಖುಷಿಯಾಗಿ, "ಶೈಲಶ್ರೀ ಅಂತ, ಕೆಳಗಿನ ಓಣಿಗಿ ಹೊಸದಾಗಿ ಬಂದಾಳ. ಕೋಲು ಹಿಡದು ಗೊತ್ತಿಲ್ಲ, ಆದ್ರ ಮನಸ್ಸದ. ನಾಳಿ ಕಳಸ್ತೇನಿ, ಎದುರಿನಾಕಿ ಹೆಜ್ಜಿ ಪೂರಾ ನೀನೇ ಕಲಸಬೇಕು ನೋಡು," ಎಂದಳು. ಅಂಬುಬಾಯಿ ಹೂಂ ಎಂದಳು. ಬೇಕೆಂದದ್ದು ಸಿಕ್ಕಿತ್ತು. ಸೀಗಿ ಹುಣ್ಣಿಮೆಗೆ ಅವಳು ಸಾಲಿನೊಳಗೆ ಇರುತ್ತಾಳೆ, ಎದುರಿಗೆ ಒಬ್ಬಳು ಇರುತ್ತಾಳೆ. ಆದರೂ ಗಿರಣಿ ಮುಚ್ಚಿ ಮನೆಗೆ ಹೋಗುವಾಗ ಅವಳಿಗೆ ಸಂತೋಷವಾಗಲಿಲ್ಲ. ಆಗುತ್ತದೇನೋ ಎಂದು ದಾರಿಯುದ್ದಕ್ಕೂ ಕಾದಳು.

ಹೊರಗೆ ಇನ್ನೂ ಬೆಳಕಿತ್ತು. ನಾಳೆ ಕಲಿಸಬೇಕಾದರೆ ಎದುರಿನವಳ ಹೆಜ್ಜೆಯನ್ನು ತಾನು ಒಮ್ಮೆ ಸರಿಯಾಗಿ ಆಡಿ ನೋಡಬೇಕು ಎಂದು ಕೋಲು ತೆಗೆದುಕೊಂಡಳು. ಎಂದಿನಂತೆ ಕಂಬದ ಎದುರು ಹೋಗಿ ನಿಂತವಳಿಗೆ, ಇದು ಎದುರಿನವಳ ಜಾಗವಲ್ಲ ಎಂದು ಹೊಳೆಯಿತು. ಎದುರಿನವಳು ನಿಲ್ಲುವುದು ಆ ಕಡೆ. ಅವಳು ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ತನ್ನದೇ ಏಟಿನ ಗುರುತುಗಳು ಸೊಂಟಕ್ಕೂ ಹೆಗಲಿಗೂ ಒರಟಾಗಿ ತಾಗಿದವು. ಗೌರಾಬಾಯಿಯಂತೆ ಒಂದು ಹೆಜ್ಜೆ ಹಿಂದೆ ಇಡಲು ಜಾಗವಿರಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು, ಏಟನ್ನು ತೆಗೆದುಕೊಳ್ಳಲು ಕೋಲು ಒಡ್ಡಿದಳು.

ಎದುರಿಗೆ, ನೆಲ ತಗ್ಗಾದ ಆ ಜಾಗದಲ್ಲಿ ಯಾರೂ ಇರಲಿಲ್ಲ. ಇಷ್ಟು ತಿಂಗಳು ಪ್ರತಿ ಸಂಜೆ ತಾನು ನಿಂತಿದ್ದ ಜಾಗ ಈ ಕಡೆಯಿಂದ ಹೀಗೆ ಕಾಣುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಒಡ್ಡಿದ ಕೋಲನ್ನು ಕೆಳಗಿಳಿಸದೆ ಅವಳು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು.